ಎರಡು ಹಿಡಿ ರಾಳ

ಮೊದಲು ಖಚಿತವಾಗಿ ಗೊತ್ತಿರುವುದನ್ನು ಬರೆಯುತ್ತೇನೆ. ಎರಡು ಹಿಡಿ ರಾಳ. ರಾಳವೆಂದರೆ ಮರದ ಅಂಟು ಒಣಗಿ ಗಟ್ಟಿಯಾದದ್ದು; ಕುಟ್ಟಿ ಪುಡಿ ಮಾಡಿದರೆ ಬೆಲ್ಲದ ಬಣ್ಣ. ಚರ್ಮದ ಬೆಲ್ಟು ಜಾರದಿರಲಿ ಎಂದು ಮಿಲ್ಲಿನಲ್ಲಿ ಅದನ್ನು ಉದುರಿಸುತ್ತಿದ್ದೆವು. ಆ ದಿನ ನಾನದನ್ನು ಒಂದು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ, ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋದೆ. ಬಟ್ಟೆ ಯಾವುದೆಂದು ಮರೆತಿದೆ. ಹಿಡಿ ಎರಡು ಎಂಬುದು ಮರೆತಿಲ್ಲ.

ಅರವತ್ತರ ದಶಕದ ಆರಂಭದ ಮಾತು. ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನಾನು ಬೆಲ್ಟಿನ ಕೆಲಸದವನು. ವಯಸ್ಸು ಇಪ್ಪತ್ತೇಳು. ಸೂರಿನ ಕೆಳಗೆ ಉದ್ದಕ್ಕೂ ಒಂದೇ ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಬೆಲ್ಟು ಇಳಿದು ಬರುತ್ತಿತ್ತು. ಬೆಲ್ಟು ಜಾರಿದರೆ ಯಂತ್ರ ನಿಧಾನವಾಗುತ್ತದೆ, ನೂಲು ಹರಿಯುತ್ತದೆ, ಮೇಸ್ತ್ರಿ ಬಂದು ನಮ್ಮ ತಲೆ ತಿನ್ನುತ್ತಾನೆ. ಹಾಗಾಗಿ ನಮ್ಮ ಕಿವಿಯೆಲ್ಲ ಜಾರುವ ಸದ್ದಿನ ಮೇಲೆಯೇ ಇರುತ್ತಿತ್ತು. ಸಣ್ಣದೊಂದು ಕೀರಲು ಕೇಳಿದರೆ ಸಾಕು, ಕೈ ತಾನಾಗಿ ರಾಳದ ಡಬ್ಬಕ್ಕೆ ಹೋಗುತ್ತಿತ್ತು. ಒಂಬತ್ತು ವರ್ಷ ಹಾಗೆ ದುಡಿದವನಿಗೆ ಜಾರುವುದು ಎಂದರೆ ಕೆಟ್ಟದ್ದು, ಹಿಡಿಯುವುದು ಎಂದರೆ ಒಳ್ಳೆಯದು. ಇದು ಎಲ್ಲ ಕಡೆಗೂ ನಿಜವಲ್ಲ ಎಂದು ಯೋಚಿಸುವ ಪ್ರಸಂಗ ನನಗೆ ಬಂದಿರಲಿಲ್ಲ.

ಆ ವರ್ಷ ಹತ್ತಿಯ ಸುಗ್ಗಿ ಮುಗಿದ ಮೇಲೆ ಊರಾಚೆಯ ಬಯಲಿನಲ್ಲಿ ಎಗ್ಜಿಬಿಷನ್ ಬಂತು. ಪಾತ್ರೆ ಅಂಗಡಿ, ಬಳೆ ಅಂಗಡಿ, ತಿರುಗುವ ತೊಟ್ಟಿಲು, ಎಲ್ಲ ಇದ್ದವು. ಜನ ಮುಗಿಬಿದ್ದದ್ದು ‘ಗುಡ್ಡದ ರೈಲು’ ಎಂಬ ಬೋರ್ಡು ಹಾಕಿದ್ದ ಮರದ ಅಟ್ಟಣೆಗೆ. ಎರಡು ಮಹಡಿಯ ಮನೆಗಿಂತ ಸ್ವಲ್ಪ ಎತ್ತರ. ಮೇಲೆ ಕಬ್ಬಿಣದ ಹಳಿ, ಹಳಿಯ ಮೇಲೆ ಒಂದು ಗಾಡಿ. ನಾಲ್ಕು ಸಾಲು, ಸಾಲಿಗೆ ಇಬ್ಬರು, ಒಟ್ಟು ಎಂಟು ಜನ. ಹಿಂದೊಮ್ಮೆ ಯಾರಿಗೋ ಹತ್ತು ಜನ ಎಂದು ಹೇಳಿದ್ದೆ. ಅದು ತಪ್ಪು, ಎಂಟೇ. ಆಯಿಲ್ ಎಂಜಿನ್ನು ಹಗ್ಗದಿಂದ ಗಾಡಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ಅಲ್ಲಿಂದ ಬಿಟ್ಟರೆ ಅದು ದೊಡ್ಡ ಗುಡ್ಡ ಇಳಿದು, ಒಂದು ಸುತ್ತು ಹೊಡೆದು, ಸಣ್ಣ ಗುಡ್ಡ ಹತ್ತಿ ಇಳಿದು, ಕೊನೆಗೆ ನೇರ ಹಳಿಗೆ ಬರುತ್ತಿತ್ತು. ಆ ಕಾಲದ ನಮ್ಮೂರಿನಲ್ಲಿ ಅಷ್ಟು ಜೋರಾಗಿ ಓಡುತ್ತಿದ್ದದ್ದು ಮೇಲ್ ರೈಲು ಒಂದೇ ಇರಬೇಕು, ಅದರಲ್ಲಿ ಯಾರೂ ಮೈಗೆ ಗಾಳಿ ಬಡಿಯುವಂತೆ ತೆರೆದ ಬೆಂಚಿನ ಮೇಲೆ ಕೂರುವುದಿಲ್ಲ.

ಓಡಿಸುವುದು ಅದರಲ್ಲಿ ಕಷ್ಟದ ಕೆಲಸವಾಗಿರಲಿಲ್ಲ. ಇಳಿಜಾರು ತಾನೇ ಓಡಿಸುತ್ತದೆ. ಕಷ್ಟವಿದ್ದದ್ದು ಕೊನೆಯ ನೇರ ಹಳಿಯಲ್ಲಿ, ನಲವತ್ತು ಹೆಜ್ಜೆಯ ಜಾಗದಲ್ಲಿ. ಅಲ್ಲಿ ಎರಡು ಹಳಿಗಳ ನಡುವೆ ಉದ್ದಕ್ಕೂ ಎರಡು ತೊಲೆಗಳನ್ನು ಮಲಗಿಸಿದ್ದರು. ಪಕ್ಕದಲ್ಲಿ ಆಳೆತ್ತರದ ಒಂದು ಲಿವರ್. ಅದನ್ನು ಎಳೆದರೆ ತೊಲೆಗಳು ಮೇಲೆದ್ದು ಗಾಡಿಯ ಅಡಿಗೆ ಹೊಡೆದಿದ್ದ ಹಲಗೆಗಳಿಗೆ ಒತ್ತುತ್ತಿದ್ದವು. ಉಜ್ಜಿ ಉಜ್ಜಿ ಗಾಡಿ ನಿಲ್ಲುತ್ತಿತ್ತು. ಬರೀ ಮರ ಬೇಗ ಸವೆಯುತ್ತದೆಂದು ತೊಲೆಗಳ ಮೇಲೆ ಚರ್ಮ ಹೊಡೆಯಬೇಕಿತ್ತು. ಅದಕ್ಕಾಗಿ ಅದರ ಮಾಲೀಕರು ನಮ್ಮ ಮಿಲ್ಲಿಗೆ ಬಂದು ಹಳೆಯ ಬೆಲ್ಟು ಕೇಳಿದರು. ಅದನ್ನು ಅಳೆದು ಕೊಯ್ದು ಮೊಳೆ ಹೊಡೆದು ಬರಲು ನನ್ನನ್ನು ಕಳಿಸಿದರು. ಆ ಬಯಲಿಗೂ ನನಗೂ ನಂಟು ಬೆಳೆದದ್ದು ಹೀಗೆ.

ಲಿವರ್ ಹಿಡಿಯುತ್ತಿದ್ದವರು ಅರವತ್ತರ ಹತ್ತಿರದ ಒಬ್ಬ ಹಿರಿಯರು. ಬಯಲಿನಲ್ಲಿ ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಮೂವತ್ತು ವರ್ಷ ಆನಗೋಡಿನ ಕಡೆಯಿಂದ ದಾವಣಗೆರೆಗೆ ಹತ್ತಿಯ ಗಾಡಿ ಹೊಡೆದವರು. ಲಾರಿ ಬಂದ ಮೇಲೆ ಗಾಡಿ ಹೋಯಿತು. ದಿಬ್ಬದಲ್ಲಿ ಭಾರದ ಗಾಡಿ ತಡೆಯುವ ಕೈಯೊಂದೇ ಉಳಿಯಿತು. ಅದನ್ನು ಕಂಡೇ ಮಾಲೀಕರು ಅವರನ್ನು ಕರೆದುಕೊಂಡಿದ್ದರು. ಹೆಂಡತಿ ಇಲ್ಲ, ಮಗಳನ್ನು ಹರಿಹರಕ್ಕೆ ಕೊಟ್ಟಿದ್ದರು. ಎಗ್ಜಿಬಿಷನ್ ದಾವಣಗೆರೆಯಲ್ಲಿ ಇದ್ದಷ್ಟು ದಿನ ಬೆಳಿಗ್ಗೆ ರೈಲಿಗೆ ಹರಿಹರಕ್ಕೆ ಹೋಗಿ, ಮಗಳ ಮನೆಯಲ್ಲಿ ಉಂಡು, ಮಧ್ಯಾಹ್ನ ವಾಪಸು ಬರುತ್ತಿದ್ದರು.

ನಾನು ಮೊಳೆ ಹೊಡೆಯುವಾಗ ಅವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದರು.

“ಮೊಳಿ ತಲಿ ಮ್ಯಾಲೆ ಬರಬಾರ್ದು ತಮ್ಮ. ಒಳಗ ಹೂತಿರಬೇಕು.”

“ಗೊತ್ತೈತೆ ಅಜ್ಜಾರೆ. ಮಿಲ್ಲಿನಾಗೆ ಇದೇ ಕೆಲ್ಸ.”

“ಮಿಲ್ಲಿನ ಬೆಲ್ಟಿನ ಮ್ಯಾಲೆ ಹೆಣ್ಮಕ್ಕಳು ಕೂಡ್ರತಾರೇನು?”

ನಾನು ನಕ್ಕೆ. ಅವರು ನಗಲಿಲ್ಲ.

“ನಿಲ್ಸೋದು ಯಾರು ಬೇಕಾದ್ರೂ ಮಾಡ್ತಾರೆ. ಗ್ವಾಡಿಗೆ ಹೊಡದ್ರೂ ಗಾಡಿ ನಿಲ್ತೈತೆ. ನಿಲ್ಸಿದ್ದು ಕುಂತೋರಿಗೆ ಗೊತ್ತಾಗಬಾರ್ದು. ಅದು ಕೆಲ್ಸ.”

“ಹೆಂಗೆ ಮಾಡ್ತೀರಿ?”

“ಮೊದ್ಲು ಮುಟ್ಟಬೇಕು. ಆಮ್ಯಾಲೆ ಒತ್ತಬೇಕು. ಕೊನಿಗೆ ಬಿಡಬೇಕು.”

“ಬಿಡೋದ್ಯಾಕ? ಬಿಟ್ರೆ ಮತ್ತೆ ಓಡಂಗಿಲ್ಲೇನು?”

“ನೀನು ಬಸ್ಸಿನಾಗೆ ಓಡಾಡಿಲ್ಲೇನು? ಡ್ರೈವರ್ ಕೊನಿ ತನಕ ಒತ್ತಿಕೊಂಡೇ ಇರ್ತಾನೆ. ಬಸ್ಸು ನಿಂತ ಕೂಡ್ಲೆ ನಿನ್ನ ತಲಿ ಹಿಂದಕ್ಕೆ ಹೊಡಿತೈತೆ. ಇನ್ನ ಒಂದು ಗೇಣು ಐತೆ ಅನ್ನಾಗ ಕೈ ಸಡ್ಲ ಮಾಡಬೇಕು. ಗಾಡಿ ತಾನೇ ಕುಂದ್ರತೈತೆ, ಕೋಳಿ ಕಾವಿಗೆ ಕುಂತಂಗೆ.”

ಮೊಳೆ ಹೊಡೆದು ಮುಗಿದ ಮೇಲೆ ನಾನು ರಾಳ ಹಾಕಲೇ ಎಂದು ಕೇಳಿದೆ. ಇದನ್ನು ಬಿಡದೆ ಬರೆಯಬೇಕು. ನಾನು ಕೇಳಿದ್ದೆ, ಅವರು ಉತ್ತರ ಕೊಟ್ಟಿದ್ದರು.

“ಬ್ಯಾಡ. ನಿಮ್ಮಲ್ಲಿ ಬೆಲ್ಟು ಹಿಡಕೊಂಡ್ರೆ ಕೆಲ್ಸ. ಇಲ್ಲಿ ಜಾರಕೊಂತ ಜಾರಕೊಂತ ಹಿಡಿಬೇಕು. ಜಾರೋದೇ ಇಲ್ಲಿ ಕೆಲ್ಸ.”

ವಯಸ್ಸಾದವರ ಮಾತಿನ ಚಂದ ಎಂದುಕೊಂಡು ಸುಮ್ಮನಾದೆ.

ಅವರಿಗೊಂದು ಪದ್ಧತಿ ಇತ್ತು. ಜನ ಬರುವ ಮೊದಲು ನಾಲ್ಕು ಆಳು ಸೇರಿ ಖಾಲಿ ಗಾಡಿಯನ್ನು ಸಣ್ಣ ಗುಡ್ಡದ ನೆತ್ತಿಯವರೆಗೆ ತಳ್ಳುತ್ತಿದ್ದರು. ಅಲ್ಲಿ ಮುಂದಿನ ಸೀಟಿನ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಅದರೊಳಗೆ ಒಂದು ಹಿತ್ತಾಳೆ ಲೋಟ ಇಟ್ಟು, ಕಂಠಕ್ಕೆ ಒಂದು ಬೆರಳು ಕಡಿಮೆ ಇರುವಂತೆ ನೀರು ತುಂಬುತ್ತಿದ್ದರು. ಗಾಡಿ ಬಿಟ್ಟಾಗ ಅಜ್ಜಾರು ಕೆಳಗೆ ಲಿವರ್ ಎಳೆಯುತ್ತಿದ್ದರು. ನಿಂತ ಮೇಲೆ ಹೋಗಿ ಸಿಂಬೆಯನ್ನು ಮುಟ್ಟಿ ನೋಡುತ್ತಿದ್ದರು. ಸಿಂಬೆ ಒದ್ದೆಯಾಗಿರಬಾರದು. ಒದ್ದೆಯಾಗಿದ್ದರೆ ತೊಲೆಯನ್ನೋ ಮೊಳೆಯನ್ನೋ ತಮ್ಮ ಕೈಯನ್ನೋ ತಿದ್ದಿಕೊಂಡು ಮತ್ತೆ ಗಾಡಿ ಬಿಡಿಸುತ್ತಿದ್ದರು. ಸಿಂಬೆ ಒಣಗಿಯೇ ಉಳಿದರೆ ಮಾತ್ರ ಜನರನ್ನು ಹತ್ತಿಸುವುದು. ನೀರನ್ನು ತಾವೇ ಕುಡಿದು ಲೋಟ ಮಗುಚಿ ಇಡುತ್ತಿದ್ದರು.

ಈಗ ಆ ದಿನದ ಮಾತು.

ಹಿಂದಿನ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಿತ್ತು. ಅರ್ಧ ಗಂಟೆಯ ಮಳೆ. ಮಳೆ ನಿಂತ ಮೇಲೆ ಗಾಡಿ ಬಿಟ್ಟಾಗ ತೊಲೆಯ ಚರ್ಮ ನೆನೆದಿದ್ದರಿಂದ ಹಿಡಿತ ಸಾಲದೆ ಗಾಡಿ ಮುಂದಕ್ಕೆ ಹೋಗಿ, ಹಳಿಯ ಕೊನೆಗೆ ಪೇರಿಸಿದ್ದ ವೇಸ್ಟ್ ಹತ್ತಿಯ ಚೀಲಗಳಿಗೆ ಮೆಲ್ಲಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಕೂತವರು ನಗುತ್ತಲೇ ಇಳಿದರು. ಮಾಲೀಕರು ನಗಲಿಲ್ಲ. ಚರ್ಮ ಬಿಸಿಲಿಗೆ ಪೂರ್ತಿ ಒಣಗಲಿ, ಒಂದು ದಿನ ನಿಲ್ಲಿಸಿ ಎಂದು ಅಜ್ಜಾರು ಹೇಳಿ, ಬೆಳಿಗ್ಗೆ ಎಂದಿನಂತೆ ಹರಿಹರಕ್ಕೆ ಹೋದರು.

ಮಧ್ಯಾಹ್ನ ನನ್ನ ಪಾಳಿ ಮುಗಿಯುವ ಹೊತ್ತಿಗೆ ಮಾಲೀಕರು ಮಿಲ್ಲಿನ ಗೇಟಿಗೆ ಬಂದಿದ್ದರು.

“ಬೆಲ್ಟಿನ ಇಲಾಜು ನಿಮಗೆ ಗೊತ್ತಿರತೈತಲ್ರಿ. ಜಾರದಂಗೆ ಏನಾದ್ರೂ ಬಂದೋಬಸ್ತ್ ಮಾಡ್ರಿ. ಇವತ್ತು ಶನಿವಾರ, ನಿಲ್ಸಾಕೆ ಆಗಂಗಿಲ್ಲ.”

“ಅಜ್ಜಾರು ಏನಂದ್ರು?”

“ಅಜ್ಜಾರು ಒಣಗಲಿ ಅಂದ್ರು. ಒಣಗೇತಿ ತಗೋರಿ. ನೀವೊಮ್ಮೆ ಕೈ ಆಡ್ಸಿ ಬರ್ರಿ.”

ಬೇಡ ಎನ್ನಬಹುದಿತ್ತು. ಅಜ್ಜಾರು ಬರಲಿ ಎನ್ನಬಹುದಿತ್ತು. ಆದರೆ ಅವರು ಗೇಟಿನ ಬಳಿ, ನಾಲ್ಕು ಜನರ ಎದುರಿಗೆ, ನನ್ನ ಕಸುಬನ್ನು ನಂಬಿ ಕೇಳಿದ್ದರು. ಒಳಗೆ ಹೋಗಿ ಡಬ್ಬದಿಂದ ಎರಡು ಹಿಡಿ ತೆಗೆದುಕೊಂಡೆ.

ಬಯಲಿನಲ್ಲಿ ಎಲ್ಲರೂ ಡೇರೆಗಳ ನೆರಳಿನಲ್ಲಿ ಮಲಗಿದ್ದರು. ಚರ್ಮ ಮುಟ್ಟಿ ನೋಡಿದೆ. ಮೇಲೆ ಒಣಗಿತ್ತು, ಅಂಚಿನಲ್ಲಿ ತಣ್ಣಗಿತ್ತು. ಒಂದು ತೊಲೆಗೆ ಒಂದು ಹಿಡಿ, ಇನ್ನೊಂದಕ್ಕೆ ಇನ್ನೊಂದು. ಅಂಗೈಯಿಂದ ಉಜ್ಜಿದೆ. ನನ್ನ ಅಂಗೈ ಚರ್ಮಕ್ಕೆ ಅಂಟಿ ಅಂಟಿ ಬಿಡುವಾಗ ಸಣ್ಣ ಸದ್ದು ಬರುತ್ತಿತ್ತು. ಅದು ಮಿಲ್ಲಿನಲ್ಲಿ ಕೆಲಸ ಸರಿಯಾಗಿದೆ ಎನ್ನುವ ಸದ್ದು. ಸಂತೋಷವಾಯಿತು. ಗಾಡಿಯನ್ನು ಗುಡ್ಡಕ್ಕೆ ತಳ್ಳಲು ನಾಲ್ಕು ಜನ ಬೇಕು. ಮಲಗಿದವರನ್ನು ಎಬ್ಬಿಸಲು ಸಂಕೋಚ. ಲೋಟ ಸೀಟಿನ ಕೆಳಗೆ ಮಗುಚಿಯೇ ಇತ್ತು. ಅದನ್ನು ನೋಡಿದೆ, ಮುಟ್ಟಲಿಲ್ಲ.

ಆ ದಿನ ರೈಲು ತಡವಾಗಿ ಅಜ್ಜಾರು ಬರುವ ಹೊತ್ತಿಗೆ ಸಂಜೆಯಾಗಿತ್ತು. ಜನ ಆಗಲೇ ಸಾಲು ನಿಂತಿದ್ದರು. ಮಾಲೀಕರು ಅವಸರ ಮಾಡುತ್ತಿದ್ದರು. ಅಜ್ಜಾರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದು ಮೊದಲು ಕೇಳಿದ್ದು ಒಂದೇ ಮಾತು.

“ಲೋಟ ಇಟ್ಟು ನೋಡಿದ್ರಾ?”

ಮಾಲೀಕರು ನನ್ನ ಮುಖ ನೋಡಿದರು.

“ನೋಡೀನಿ,” ಎಂದೆ.

“ಸಿಂಬಿ?”

“ಒಣಗಿತ್ತು.”

ಎರಡು ಮಾತು, ಎರಡೂ ಸುಳ್ಳು. ರಾಳದ ವಿಷಯ ಹೇಳಲಿಲ್ಲ. ಅವರು ನನ್ನನ್ನು ಒಂದು ಕ್ಷಣ ನೋಡಿ, ಸರಿ ಎನ್ನುವಂತೆ ತಲೆ ಆಡಿಸಿ, ಲಿವರಿನ ಹತ್ತಿರ ಹೋದರು. ಮೂವತ್ತು ವರ್ಷ ಗಾಡಿ ಹೊಡೆದವರು, ಬೇರೊಬ್ಬ ಕಸುಬಿನವನ ಮಾತನ್ನು ನಂಬಿದರು.

ಮೊದಲ ಸಲ ಗಾಡಿ ಸ್ವಲ್ಪ ಬೇಗ ನಿಂತಿತು, ಅಷ್ಟೇ. ಅಜ್ಜಾರು ಲಿವರನ್ನು ಒಮ್ಮೆ ನೋಡಿದರು. ಎರಡನೆಯ ಸಲ ಇನ್ನೂ ಬೇಗ. ಅವರು ಕೈ ಎತ್ತಿ ಮಾಲೀಕರಿಗೆ ತಡೆಯಿರಿ ಎಂದು ಸನ್ನೆ ಮಾಡಿದರು. ಮಾಲೀಕರು ಆ ಕಡೆ ಜನರನ್ನು ಹತ್ತಿಸುತ್ತಿದ್ದರು. ಇದನ್ನು ನಾನು ಕಂಡೆ. ಬೇರೆ ಯಾರೂ ಕಂಡಂತಿಲ್ಲ. ಹಗ್ಗ ಗಾಡಿಯನ್ನು ಎಳೆದುಕೊಂಡು ಹೋಗಿಬಿಟ್ಟಿತು.

ಮೂರನೆಯ ಸಲ ಮುಂದಿನ ಸೀಟಿನಲ್ಲಿದ್ದವರು ನಮ್ಮ ಮಿಲ್ಲಿನವರೇ, ನೂಲನ್ನು ಲಡಿ ಸುತ್ತುವ ಖಾತೆಯ ಒಬ್ಬ ಹೆಣ್ಣುಮಗಳು. ಮೂವತ್ತರ ವಯಸ್ಸು. ನಾನು ಅಕ್ಕಾರೆ ಎಂದು ಕರೆಯುತ್ತಿದ್ದೆ. ಪಕ್ಕದಲ್ಲಿ ಅವರ ಗೆಳತಿ. ಸಣ್ಣ ಗುಡ್ಡ ಇಳಿಯುವಾಗ ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಗಾಡಿ ನೇರ ಹಳಿಗೆ ಬಂತು. ಅಜ್ಜಾರು ಲಿವರನ್ನು ಎಳೆಯಲಿಲ್ಲ, ಮುಟ್ಟಿಸಿದರು. ನಾನು ಅವರ ಹಿಂದೆ ಆರು ಅಡಿ ದೂರದಲ್ಲಿದ್ದೆ, ಅವರ ಮೊಣಕೈ ಇನ್ನೂ ಬಾಗಿಯೇ ಇತ್ತು. ಎರಡು ಸಲದ ಉಜ್ಜಾಟಕ್ಕೆ ಬಿಸಿಯಾಗಿ ಕರಗಿದ್ದ ರಾಳ ಹಲಗೆಯನ್ನು ಕಚ್ಚಿ ಹಿಡಿಯಿತು. ನಲವತ್ತು ಹೆಜ್ಜೆಯಲ್ಲಿ ಕರಗಬೇಕಾದ ವೇಗ ನಾಲ್ಕು ಹೆಜ್ಜೆಯಲ್ಲಿ ಸತ್ತಿತು. ಅಜ್ಜಾರು ತಕ್ಷಣ ಕೈ ಬಿಟ್ಟರು. ಅಷ್ಟರಲ್ಲಿ ಅಕ್ಕಾರ ಮುಖ ಮುಂದಿನ ಕಬ್ಬಿಣದ ಸರಳಿಗೆ ಬಡಿದಿತ್ತು. ಮೇಲಿನ ಎರಡು ಹಲ್ಲು ಹೋದವು. ಎಡಗೈ ಮಣಿಕಟ್ಟು ಮುರಿಯಿತು. ಉಳಿದವರಿಗೆ ತರಚು ಗಾಯ.

ಸದ್ದು ನಿಂತಿತು ಎಂದು ನೆನಪು. ನಿಜವಾಗಿ ನಿಂತಿರಲಾರದು, ಎಂಜಿನ್ನು ಓಡುತ್ತಲೇ ಇತ್ತಲ್ಲ.

“ಏನ್ ಮಾಡಿದ್ರಿ ಅಜ್ಜಾರೆ ನೀವು?” ಮಾಲೀಕರು ಓಡಿ ಬಂದರು.

“ಮುಟ್ಟಿಸಿದೆ ಅಷ್ಟೆ.”

“ಮುಟ್ಟಿಸಿದ್ರೆ ಹಿಂಗೆ ಆಗ್ತೈತಾ?”

ಅಜ್ಜಾರು ಬಲಗೈಯನ್ನು ತಿರುವಿ ನೋಡಿಕೊಂಡರು. ಅಂಗೈ, ಹಿಂಗೈ, ಮತ್ತೆ ಅಂಗೈ. ಆಮೇಲೆ ತಗ್ಗಿದ ದನಿಯಲ್ಲಿ, “ಒತ್ತಿರಬೇಕು. ನನಗೇ ಗೊತ್ತಾಗ್ಲಿಲ್ಲ,” ಎಂದರು.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಜಟಕಾ ಕರೆದು, ಅಕ್ಕಾರನ್ನು ಕೂಡಿಸಿ, ಮುರಿದ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ನನ್ನ ಅಂಗೈಯಲ್ಲಿ ಇನ್ನೂ ರಾಳದ ಅಂಟಿತ್ತು. ಅವರ ಚರ್ಮಕ್ಕೆ ಅದು ಅಂಟುತ್ತಿತ್ತು. ದೇವರಂಥ ಮನುಷ್ಯ ಎಂದು ಅವರ ಗೆಳತಿ ನನ್ನ ಬಗ್ಗೆ ಮಿಲ್ಲಿನ ತುಂಬ ಹೇಳಿಕೊಂಡು ಬಂದಳು.

ಪೊಲೀಸಿನವರು ಬಂದು, ಎಲ್ಲರೂ ಹೇಳಿದ್ದನ್ನು ಬರೆದುಕೊಂಡರು: ವಯಸ್ಸಾದ ಕೈ, ಹದ ತಪ್ಪಿತು. ಅಜ್ಜಾರೂ ಹಾಗೆಯೇ ಹೇಳಿದರು. ಮಾರನೆಯ ಬೆಳಿಗ್ಗೆ ಚರ್ಮ ಬದಲಿಸಲು ಮಾಲೀಕರು ನನ್ನನ್ನೇ ಕರೆಸಿದರು. ನಾನು ಹಳೆಯ ಚರ್ಮ ಕಿತ್ತು, ಹಲಗೆಗೆ ಮೆತ್ತಿದ್ದ ರಾಳವನ್ನು ಸೀಮೆಎಣ್ಣೆಯಿಂದ ತೊಳೆದೆ. ಹಿಂದಿನ ದಿನ ನನ್ನನ್ನು ಕರೆಸಿದ್ದರ ಮಾತನ್ನು ಮಾಲೀಕರು ಎತ್ತಲೇ ಇಲ್ಲ. ಬೇರೆ ಯಾರಿಗೂ ಅನುಮಾನವಿರಲಿಲ್ಲ, ಅಷ್ಟು ಚೆನ್ನಾಗಿ ತೊಳೆಯುವ ಅಗತ್ಯವೂ ಇರಲಿಲ್ಲ. ಆದರೂ ತೊಳೆದೆ. ಅಜ್ಜಾರು ಲೋಟವನ್ನು ಗಂಟಿನಲ್ಲಿ ಕಟ್ಟಿಕೊಂಡು ಸ್ಟೇಷನ್ನಿನ ಕಡೆ ಹೋದರಂತೆ. ನಾನು ನೋಡಲಿಲ್ಲ.

ಬಹಳ ವರ್ಷಗಳ ಮೇಲೆ, ಬಲು ವೇಗದ ಇಂಥ ಗಾಡಿಗಳನ್ನು ಈಗ ಹೇಗೆ ನಿಲ್ಲಿಸುತ್ತಾರೆಂದು ಒಬ್ಬ ಎಂಜಿನಿಯರ್ ನನಗೆ ಬಿಡಿಸಿ ಹೇಳಿದರು. ಅಲ್ಲಿ ಯಾವುದೂ ಯಾವುದನ್ನೂ ಉಜ್ಜುವುದಿಲ್ಲವಂತೆ. ಗಾಡಿಯ ಅಡಿಗೆ ತಾಮ್ರದ ತಗಡು. ಹಳಿಯ ಕೊನೆಯಲ್ಲಿ ಎರಡು ಸಾಲು ಅಯಸ್ಕಾಂತ. ತಗಡು ಅವುಗಳ ನಡುವೆ ಹಾದುಹೋಗುವಾಗ ಅದರೊಳಗೆ ವಿದ್ಯುತ್ತು ಸುಳಿ ಸುತ್ತಿ ಹಿಂದಕ್ಕೆ ಎಳೆಯುತ್ತದೆ. ಜೋರಾಗಿ ಬಂದರೆ ಎಳೆತವೂ ಜೋರು. ವೇಗ ಇಳಿದಂತೆ ಎಳೆತವೂ ತಾನಾಗಿ ಮೆತ್ತಗಾಗುತ್ತದೆ. ಮನೆಯ ಹಳೆಯ ಕರೆಂಟಿನ ಮೀಟರಿನಲ್ಲಿ ತಿರುಗುವ ಬಿಲ್ಲೆಯನ್ನು ಹದದಲ್ಲಿ ಇಡುವುದೂ ಹೀಗೆಯೇ, ಒಂದು ಅಯಸ್ಕಾಂತ. ಉದ್ದ ಜಾಗ ಕೊಡಬೇಕು, ಎಳೆತ ಒಮ್ಮೆಗೇ ಶುರುವಾಗಬಾರದು, ಒಮ್ಮೆಗೇ ಮುಗಿಯಲೂಬಾರದು, ಕೂತವರಿಗೆ ಹಿತ ಎನ್ನಿಸುವುದು ಅದರಿಂದಲೇ ಎಂದರು. ಕರೆಂಟು ಹೋದರೂ ಅಯಸ್ಕಾಂತ ಹೋಗುವುದಿಲ್ಲ, ಮಳೆಗೆ ನೆನೆದರೂ ಕೆಡುವುದಿಲ್ಲ, ಪೂರ್ತಿ ನಿಲ್ಲಿಸಲು ಮಾತ್ರ ಕೊನೆಯಲ್ಲಿ ಸಾಧಾರಣ ಬ್ರೇಕು ಬೇಕು ಎಂದರು. ನಾನು ಕೇಳುತ್ತಾ ಕೂತೆ. ಮುಟ್ಟಬೇಕು, ಒತ್ತಬೇಕು, ಬಿಡಬೇಕು. ಅಜ್ಜಾರ ಕೈ ಮಾಡುತ್ತಿದ್ದದ್ದನ್ನು ತಾಮ್ರದ ತಗಡಿಗೆ ಕಲಿಸಿದ್ದರು. ಅಲ್ಲಿ ನನ್ನಂಥವನು ಉದುರಿಸಲು ಏನೂ ಉಳಿದಿರಲಿಲ್ಲ.

ಅಕ್ಕಾರು ಮೂರು ತಿಂಗಳ ಮೇಲೆ ಕೆಲಸಕ್ಕೆ ಬಂದರು. ಎಡಗೈ ಪೂರ್ತಿ ಮಡಚುತ್ತಿರಲಿಲ್ಲ. ಹರಿದ ನೂಲಿಗೆ ಗಂಟು ಹಾಕುವಾಗ ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಾಗುತ್ತಿತ್ತು, ಮುಂದಿನ ಹಲ್ಲಿಲ್ಲದ್ದರಿಂದ ಬಾಯಿಯ ಮೂಲೆಯಲ್ಲಿ. ನಾನು ಅವರ ಖಾತೆಯ ಬೆಲ್ಟು ನೋಡಲು ಹೋದಾಗಲೆಲ್ಲ ಇದನ್ನು ಕಾಣುತ್ತಿದ್ದೆ. ನಲ್ಲಿಯ ಹತ್ತಿರ ಬುತ್ತಿಯ ಡಬ್ಬಿ ತೊಳೆಯುವಾಗ ಅವರು ಬೈಯುತ್ತಿದ್ದದ್ದೂ ಕೇಳುತ್ತಿತ್ತು.

“ಕಣ್ಣು ಕಾಣದ ಮುದುಕ. ಕೈ ನಡಗ್ತಾವೆ ಅಂದ್ರೆ ಮನಿಯಾಗೆ ಕುಂದ್ರಬೇಕಿತ್ತು. ಅವನ ಕೈಗೆ ಹುಳ ಬೀಳಾ.”

ಎರಡು ವರ್ಷ ಕೇಳಿದೆ.

ಆಮೇಲೊಂದು ದಿನ ಮಿಲ್ಲಿನ ಒಂದು ಗಾಲಿಯನ್ನು ಲೇತಿನಲ್ಲಿ ಕಡೆಸಿ ತರಲು ನನ್ನನ್ನು ಹರಿಹರದ ಒಂದು ವರ್ಕ್‌ಶಾಪಿಗೆ ಕಳಿಸಿದರು. ಕೆಲಸ ಆಗುವ ತನಕ ಹೊಳೆಯ ರಸ್ತೆಯ ಚಹದ ಅಂಗಡಿಯಲ್ಲಿ ಕೂತಿದ್ದೆ. ಒಂದು ಮರಳಿನ ಗಾಡಿ ಬಂತು. ಹೊಡೆಯುತ್ತಿದ್ದವನು ನಡುವಯಸ್ಸಿನವನು, ಪಕ್ಕದಲ್ಲಿ ಅಜ್ಜಾರು. ಇಳಿಜಾರು ಶುರುವಾಗುವ ಕಡೆ ಗಾಡಿ ನಿಂತಿತು, ಅಜ್ಜಾರು ಕೆಳಗಿಳಿದರು. ಗಾಡಿ ಮುಂದೆ ಹೋಯಿತು, ಅವರು ಹಿಂದೆ, ಕೈ ಎರಡನ್ನೂ ಬೆನ್ನಿಗೆ ಕಟ್ಟಿಕೊಂಡು ನಡೆದರು.

“ಆ ಅಜ್ಜಾರು ಯಾಕ ಇಳಿದ್ರು?” ಅಂಗಡಿಯವನನ್ನು ಕೇಳಿದೆ.

“ಅವರು ಇಳಿಜಾರಿನಾಗೆ ಗಾಡಿ ಮ್ಯಾಲೆ ಕೂಡ್ರಂಗಿಲ್ರಿ. ಹಗ್ಗಾನೂ ಮುಟ್ಟಂಗಿಲ್ಲ. ಮೊಮ್ಮಗನ್ನೂ ಎತ್ತಿಕೊಳ್ಳಂಗಿಲ್ಲ, ಕೈ ಜಾರ್ತೈತೆ ಅಂತ. ಅದೇನೋ ದಾವಣಗೇರ್ಯಾಗೆ ಆತಂತೆ.”

ಚಹ ಬಿಟ್ಟು ಎದ್ದೆ. ಅವರ ಹಿಂದೆ ಹೋಗಲಿಲ್ಲ. ಗಾಲಿ ತೆಗೆದುಕೊಂಡು ದಾವಣಗೆರೆಗೆ ಬಂದೆ. ಆ ವಾರ ಮಿಲ್ಲಿನಲ್ಲಿ ರಾಳದ ಡಬ್ಬಕ್ಕೆ ಕೈ ಹಾಕಲು ನನಗೆ ಆಗಲಿಲ್ಲ, ಜೊತೆಯವನಿಂದ ಹಾಕಿಸಿದೆ. ಭಾನುವಾರ ಹರಿಹರಕ್ಕೆ ಹೋದೆ.

ಚಹದ ಅಂಗಡಿಯವನು ಗುರುತು ಹೇಳಿದ. ಹೊಳೆಯ ಹತ್ತಿರ ಮಣ್ಣಿನ ಗೋಡೆಯ ಮನೆ. ಅಜ್ಜಾರು ಜಗುಲಿಯ ಮೇಲಿದ್ದರು. ನನ್ನನ್ನು ಗುರುತಿಸಿದರು.

“ಬಾ ತಮ್ಮ. ಕೂಡ್ರು. ಆ ಹೆಣ್ಣುಮಗಳು ಹೆಂಗದಾಳೆ?”

ಎರಡು ವರ್ಷದ ಮೇಲೆ ಅವರು ಮೊದಲು ಕೇಳಿದ್ದು ಇದನ್ನು. ಕೆಲಸಕ್ಕೆ ಬರುತ್ತಿದ್ದಾರೆ ಎಂದೆ. ಅಜ್ಜಾರ ಮಗಳು ಚಹ ತಂದಳು. ನನಗೆ ಲೋಟದಲ್ಲಿ ಕೊಟ್ಟು, ಅವರಿಗೆ ತಾನೇ ತಟ್ಟೆಗೆ ಬಗ್ಗಿಸಿ ಕೊಟ್ಟಳು, ಮಗುವಿಗೆ ಕೊಟ್ಟಂತೆ. ಆಮೇಲೆ ಒಳಗೆ ಹೋದಳು.

“ಅಜ್ಜಾರೆ, ಅವತ್ತು ನಿಮ್ಮ ಕೈ ತಪ್ಪಿರ್ಲಿಲ್ಲ.”

“ಸಮಾಧಾನ ಹೇಳಾಕೆ ಬಂದೀಯೇನು?”

“ನಾನು ಬೆಲ್ಟಿಗೆ ರಾಳ ಹಾಕಿದ್ದೆ.”

ಅವರು ತಟ್ಟೆಯನ್ನು ಕೆಳಗಿಟ್ಟರು.

“ಎಷ್ಟು?”

“ಎರಡು ಹಿಡಿ.”

“ಲೋಟ?”

“ಇಟ್ಟಿರ್ಲಿಲ್ಲ. ಸುಳ್ಳು ಹೇಳಿದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಕೂತಿರಲು ಸುಲಭವಾಗುತ್ತಿತ್ತು. ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡರು. ಆಮೇಲೆ, ನನಗಲ್ಲ ಎನ್ನುವಂತೆ, ಹೇಳಿದರು:

“ನಾನು ಮುಟ್ಟಿಸಿದ್ದೆ. ಬರೇ ಮುಟ್ಟಿಸಿದ್ದೆ.”

“ಹೌದ್ರಿ. ನಾನು ಹಿಂದೆ ನಿಂತಿದ್ದೆ. ನಿಮ್ಮ ಮೊಣಕೈ ಬಾಗೇ ಇತ್ತು.”

“ನೋಡಿದ್ದಿ ಅಲ್ಲಾ? ನೋಡಿ ಸುಮ್ಕಿದ್ದಿ?”

“ಹೌದ್ರಿ.”

“ಎರಡು ವರ್ಷ ಆತು ತಮ್ಮ. ನನ್ನ ಕೈ ನನ್ನವಲ್ಲ ಅನಕೊಂಡು ಉಂಡೀನಿ.”

ಅವರು ಎದ್ದರು. ಅಂಗಳದಲ್ಲಿ ಮರಳು ಹೇರಿದ ಗಾಡಿ ನಿಂತಿತ್ತು. ಅಳಿಯ ಎತ್ತು ಕಟ್ಟುತ್ತಿದ್ದ. ಗುತ್ತೂರಿನಲ್ಲಿ ಕಟ್ಟುತ್ತಿದ್ದ ಯಾವುದೋ ಕಟ್ಟಡಕ್ಕೆ ಹೋಗಬೇಕಿದ್ದ ಗಾಡಿ. ಅಜ್ಜಾರು ಅವನಿಗೆ ಏನೋ ಹೇಳಿ, ಮಗಳನ್ನು ಕರೆದು ಹಿತ್ತಾಳೆ ಲೋಟ ತರಿಸಿದರು. ಅದೇ ಲೋಟ. ಕಂಠಕ್ಕೆ ಒಂದು ಬೆರಳು ಕಡಿಮೆ ನೀರು ತುಂಬಿಸಿದರು.

“ಹತ್ತು,” ಎಂದರು ನನಗೆ. “ಒಣ ಟವೆಲ್ಲು ತೊಡಿ ಮ್ಯಾಲೆ ಹಾಸಿ ಅದರ ಮ್ಯಾಲೆ ಇಟ್ಕೊ. ಎತ್ತಿ ಹಿಡಿಬ್ಯಾಡ.”

“ಅಪ್ಪಾ, ಬ್ಯಾಡಪ್ಪಾ,” ಮಗಳು ಬಾಗಿಲಲ್ಲಿ ನಿಂತು ಹೇಳಿದಳು.

“ಸುಮ್ಕಿರು.”

ಮಟ್ಟದ ರಸ್ತೆ ಮುಗಿಯುವ ತನಕ ಅಳಿಯ ಗಾಡಿ ಹೊಡೆದ. ಇಳಿಜಾರಿನ ತಲೆಯಲ್ಲಿ ಅಜ್ಜಾರು ಅವನನ್ನು ಇಳಿಸಿ ತಾವು ಮುಂದೆ ಕೂತರು. ಗಾಡಿಯ ಹಿಂದೆ ಎರಡೂ ಗಾಲಿಗೆ ಒತ್ತುವಂತೆ ಒಂದು ಅಡ್ಡ ಮರ ಕಟ್ಟಿತ್ತು. ಅದರ ಹಗ್ಗ ಮುಂದಕ್ಕೆ ಬಂದಿತ್ತು. ಅವರು ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡರು. ಬಿಚ್ಚಿ, ಅಂಗೈಯನ್ನು ಪಂಚೆಗೆ ಒರೆಸಿ, ಮತ್ತೆ ಸುತ್ತಿಕೊಂಡರು. ಎತ್ತುಗಳಿಗೆ ನಾಲಿಗೆಯಿಂದ ಒಂದು ಸದ್ದು ಮಾಡಿದರು. ಗಾಡಿ ಇಳಿಯತೊಡಗಿತು. ಹಿಂದೆ ಮರ ಗಾಲಿಗೆ ತಾಗಿದ ಸದ್ದು, ಮೊದಲು ಬಟ್ಟೆ ಒರೆಸಿದಂತೆ, ಆಮೇಲೆ ಬೀಸುಕಲ್ಲಿನಂತೆ. ನಾನು ಲೋಟವನ್ನೇ ನೋಡುತ್ತಿದ್ದೆ. ನೀರು ಮುಂದಕ್ಕೆ ಬಾಗಿ ಅಂಚಿನ ಹತ್ತಿರ ಬಂದು ಅಲ್ಲೇ ನಿಂತಿತು. ಮೇಲಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಎಷ್ಟು ಹೊತ್ತಾಯಿತೋ. ಒಂದು ಎತ್ತು ತಲೆ ಕೊಡವಿದ ಗಂಟೆಯ ಸದ್ದಿಗೆ ಕತ್ತೆತ್ತಿದೆ. ಗಾಡಿ ಕೆಳಗೆ ನಿಂತಿತ್ತು.

ಅಜ್ಜಾರು ಕೈಯ ಸುತ್ತು ಬಿಚ್ಚಿ, ಇಳಿದು ಬಂದು, ಲೋಟ ಎತ್ತಿ, ಟವೆಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ನೀರನ್ನು ಒಂದೇ ಗುಟುಕಿಗೆ ಕುಡಿದರು.

“ಆ ಹೆಣ್ಣುಮಗಳಿಗೆ ಹೇಳೀಯೇನು?”

“ಇಲ್ರಿ.”

“ಇಲ್ಲೇ ಇಳಿ. ಸ್ಟೇಷನ್ನು ಈ ಕಡೆ ಐತೆ.”

ಅಳಿಯ ಓಡಿ ಬಂದು ಹತ್ತಿದ. ಹಗ್ಗ ಅಜ್ಜಾರ ಕೈಯಲ್ಲೇ ಇತ್ತು. ಅವರು ನನ್ನ ಕಡೆ ತಿರುಗಲಿಲ್ಲ.

ಮಾರನೆಯ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಗೇಟಿನ ಬೇವಿನ ಮರದ ಕೆಳಗೆ ಅಕ್ಕಾರಿಗೆ ಹೇಳಿದೆ. ರಾಳ, ಲೋಟ, ಸೀಮೆಎಣ್ಣೆ, ಜಟಕಾ, ಎಲ್ಲ. ಅವರು ಬುತ್ತಿಯನ್ನು ಬಲಗೈಯಿಂದ ಎದೆಗೆ ಒತ್ತಿಕೊಂಡು ಕೇಳಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

“ಎರಡು ವರ್ಷ ಆ ಅಜ್ಜಾರಿಗೆ ಶಾಪ ಹಾಕಿದೆನಲ್ರಿ ಅಣ್ಣಾರೆ,” ಎಂದರು. “ದಿನಾ ಹಾಕಿದೆ. ನೀವು ಅಲ್ಲೇ ನಿಂತು ಕೇಳ್ತಿದ್ರಿ.”

“ಹೌದು.”

“ಕೈ ಮುರದದ್ದು ಮುರೀತು. ನನ್ನ ಬಾಯಿ ಯಾಕ ಹೊಲಸು ಮಾಡಿಸಿದ್ರಿ?”

ಸೈರನ್ ಆಯಿತು. ಅಜ್ಜಾರ ಮನೆ ಹರಿಹರದಲ್ಲಿ ಎಲ್ಲಿ ಎಂದು ಅಕ್ಕಾರು ಕೇಳಿದರು. ಹೊಳೆಯ ರಸ್ತೆ, ಚಹದ ಅಂಗಡಿ, ಮಣ್ಣಿನ ಗೋಡೆಯ ಮನೆ ಎಂದು ಗುರುತು ಹೇಳಿದೆ. ಭಾನುವಾರ ನಾನೇ ಕರೆದುಕೊಂಡು ಹೋಗಲೇ ಎಂದೆ.

“ಬ್ಯಾಡ,” ಎಂದರು. “ನಾನೊಬ್ಬಾಕಿನೇ ಹೋಗಿ ಬರ್ತೀನಿ.”

ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಖಾತೆಯಲ್ಲಿ ಒಂದು ಬೆಲ್ಟು ಕೀರಲು ಶುರುವಾಯಿತು. ಮೇಸ್ತ್ರಿ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಡಬ್ಬ ತೆಗೆದುಕೊಂಡು ಹೋದೆ.